ಥಂಡರ್ ಬೇನಲ್ಲಿ ಪ್ಲೇಸ್‌ಮೆಂಟ್: ಅನಿಶಿನಾಬೇ ಪದ್ಧತಿ, ಉಪಚಾರ ಕಲಿಯೋದು ಎಲ್ಲಿಂದ ಶುರು ಮಾಡಲಿ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಕೆನಡಾದ ಒಂಟಾರಿಯೊದ ಥಂಡರ್ ಬೇನಲ್ಲಿ ಸೆಪ್ಟೆಂಬರ್‌ನಿಂದ ಎಂಎಸ್‌ಡಬ್ಲ್ಯೂ ಪ್ಲೇಸ್‌ಮೆಂಟ್ (ಸಮಾಜಕಾರ್ಯ ಪದವಿಯ ಕ್ಷೇತ್ರ ತರಬೇತಿ) ಇದೆ. ಮಕ್ಕಳು ಮತ್ತು ಕುಟುಂಬ ಸೇವೆಯ ಸಂಸ್ಥೆ, ಬರೋರಲ್ಲಿ ಹೆಚ್ಚಿನವರು ಅನಿಶಿನಾಬೇ, ಅಂದರೆ ಇಲ್ಲಿನ ಮೂಲನಿವಾಸಿ ಜನರ, ಕುಟುಂಬದವರು. "ಸಾಂಪ್ರದಾಯಿಕ ಉಪಚಾರ ಪದ್ಧತಿಗಳ ತಿಳಿವಳಿಕೆ ಅಗತ್ಯ" ಅಂತ ಕೆಲಸದ ವಿವರದಲ್ಲಿ ಒಂದು ಸಾಲು ಹಾಕಿದ್ದಾರೆ. ಪಠ್ಯದಲ್ಲಿ ಇತಿಹಾಸ ಇದೆ, ಕೈಯಲ್ಲಿ ಏನು ಮಾಡಬೇಕು ಅನ್ನೋದು ಇಲ್ಲ.

ಕೇಳಬೇಕಾದ್ದು ಇಷ್ಟು. ಸ್ಮಜಿಂಗ್, ಅಂದರೆ ಸೊಪ್ಪಿನ ಹೊಗೆ ತೆಗೆದುಕೊಳ್ಳೋದನ್ನ ಕಲಿತು ಕ್ಲೈಂಟ್‌ಗಳಿಗೆ ನಾನೇ ಮಾಡಿಸಬಹುದಾ? ಹಿರಿಯರೊಬ್ಬರನ್ನ ಕೇಳಬೇಕಾದರೆ ಹೊಗೆಸೊಪ್ಪು ಕೊಡಬೇಕು ಅಂತಾರೆ, ಎಷ್ಟು, ಹೇಗೆ? ಇವನ್ನೆಲ್ಲ ಕೇಸ್ ನೋಟ್‌ನಲ್ಲಿ ಎಷ್ಟರ ಮಟ್ಟಿಗೆ ಬರೆಯಬೇಕು? ಭಾಷೆ ಸ್ವಲ್ಪವಾದರೂ ಕಲಿಯೋದು ಉಪಯೋಗವಾ?

---

ಬಸರಿಕಟ್ಟೆ:

ಆ ಸಾಲನ್ನ ಇನ್ನೊಂದು ಸಲ ಓದಿ. ತಿಳಿವಳಿಕೆ ಬೇಕು ಅಂದಿದ್ದಾರೆ, ಮಾಡಿಸೋಕೆ ಬರಬೇಕು ಅಂದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ: ಬೇಡ, ಮಾಡಿಸಬೇಡಿ. ಯಾರನ್ನ ಕೇಳಬೇಕು, ಹೇಗೆ ಕೇಳಬೇಕು, ಅವರು ಬಂದಾಗ ಏನೇನು ಸಿದ್ಧ ಇರಬೇಕು, ಎಲ್ಲಿ ಹಿಂದೆ ಸರಿದು ನಿಲ್ಲಬೇಕು. ಸೋಶಿಯಲ್ ವರ್ಕರ್ ಕಲಿಯಬೇಕಾದ್ದು ಇದನ್ನ.

ಜನರಿಂದ ಶುರು ಮಾಡಿ. ಅನಿಶಿನಾಬೇ ಅನ್ನೋದು ಒಂದೇ ಊರಿನವರ ಹೆಸರಲ್ಲ. ಒಜಿಬ್ವೇ, ಒಡಾವಾ, ಪೊಟವಾಟಮಿ ಈ ಮೂವರ ಹಳೆಯ ಒಕ್ಕೂಟಕ್ಕೆ "ಮೂರು ಬೆಂಕಿ" ಅಂತ ಹೆಸರು. ಮಿಸಿಸಾಗಾ, ನಿಪಿಸಿಂಗ್, ಅಲ್ಗೊಂಕ್ವಿನ್, ಸೊಲ್ಟೋ ಜನರೂ ಇದೇ ಬಳಗ. ಥಂಡರ್ ಬೇ ಇರುವುದು ಫೋರ್ಟ್ ವಿಲಿಯಂ ಫಸ್ಟ್ ನೇಷನ್ ಅನ್ನೋ ಮೂಲನಿವಾಸಿ ಸಮುದಾಯದವರ ನೆಲದಲ್ಲಿ, 1850ರ ರಾಬಿನ್ಸನ್-ಸುಪೀರಿಯರ್ ಒಪ್ಪಂದದ ವ್ಯಾಪ್ತಿಯಲ್ಲಿ. ಆ ಒಪ್ಪಂದದಂತೆ ಸರ್ಕಾರ ತಲೆಗೆ ವರ್ಷಕ್ಕೆ ಕೊಡುವ ಹಣ 1875ರಲ್ಲಿ 4 ಡಾಲರ್‌ಗೆ ಏರಿತು, ಆಮೇಲೆ ಅಲ್ಲೇ ನಿಂತುಹೋಯಿತು. "ನಮ್ಮ ಜೊತೆ ಮಾತು ಉಳಿಸಿಕೊಂಡಿಲ್ಲ" ಅಂತ ಯಾರಾದರೂ ಹೇಳಿದರೆ ಅದು ಬಾಯಿಮಾತಿನ ದೂರಲ್ಲ, ಲೆಕ್ಕ ಇದೆ.

ಇನ್ನೊಂದು ವಿಷಯ. ಥಂಡರ್ ಬೇಗೆ ಉತ್ತರದಿಂದ, ಟ್ರೀಟಿ 9 ಅನ್ನೋ ಇನ್ನೊಂದು ಒಪ್ಪಂದದ ಪ್ರದೇಶದಿಂದ, ಆಸ್ಪತ್ರೆಗೆ, ಹೈಸ್ಕೂಲಿಗೆ ವಿಮಾನದಲ್ಲಿ ಬರುವವರು ಬಹಳ. ಅವರಲ್ಲಿ ಕ್ರೀ ಇದ್ದಾರೆ, ಓಜಿ-ಕ್ರೀ ಇದ್ದಾರೆ. ಎದುರಿಗೆ ಕೂತವರೆಲ್ಲ ಅನಿಶಿನಾಬೇ ಅಂದುಕೊಳ್ಳಬೇಡಿ. ಅನಿಶಿನಾಬೇ ಆದವರಲ್ಲೂ ಆಂಗ್ಲಿಕನ್, ಕ್ಯಾಥೊಲಿಕ್, ಪೆಂಟೆಕೋಸ್ಟಲ್ ಕುಟುಂಬಗಳು ಸಾಕಷ್ಟು. ಅಂಥ ಅಜ್ಜಿಯೊಬ್ಬರ ಮುಂದೆ ಹೊಗೆ ಹಾಕುವ ಸೇಜ್ ಸೊಪ್ಪಿನ ಬಟ್ಟಲು ಇಟ್ಟು "ನಿಮ್ಮ ಸಂಸ್ಕೃತಿ ತಾನೇ" ಅಂದರೆ ಮುಂದಿನ ಭೇಟಿಗೆ ಬಾಗಿಲು ತೆರೆಯೋದಿಲ್ಲ. ಇಂಟೇಕ್‌ನಲ್ಲಿ, ಅಂದರೆ ಮೊದಲ ಭೇಟಿಯಲ್ಲಿ, ಒಂದೇ ತೆರೆದ ಪ್ರಶ್ನೆ ಸಾಕು: "ಕಷ್ಟ ಬಂದಾಗ ನಿಮ್ಮ ಮನೆಯವರು ಯಾರ ಹತ್ತಿರ ಹೋಗ್ತಾರೆ, ಏನು ಮಾಡ್ತಾರೆ?" ಚರ್ಚ್ ಅಂದರೆ ಚರ್ಚ್, ಲಾಡ್ಜ್ (ಆಚರಣೆ ನಡೆಯುವ ಗುಡಿಸಲು) ಅಂದರೆ ಲಾಡ್ಜ್, ಎರಡೂ ಅಂದರೆ ಎರಡೂ.

"ಸೋಶಿಯಲ್ ವರ್ಕರ್" ಅನ್ನೋ ಪದ ಕೇಳಿದರೇ ಮನೆಮಂದಿ ಗಟ್ಟಿಯಾಗೋದು ಯಾಕೆ ಅನ್ನೋದಕ್ಕೆ ಕಾರಣ ಇದೆ. ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನ, ಮನೆ ಮತ್ತು ಭಾಷೆಯಿಂದ ಬೇರ್ಪಡಿಸೋಕೆ ನಡೆಸಿದ ರೆಸಿಡೆನ್ಷಿಯಲ್ ಶಾಲೆಗಳಿಗೆ ಎಳೆದುಕೊಂಡು ಹೋದರು. ಆ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲಕ್ಕೇ, 1960ರ ದಶಕದಿಂದ, ಮಕ್ಕಳನ್ನ ಮನೆಯಿಂದ ತೆಗೆದು ಬೇರೆಯವರಿಗೆ ದತ್ತು ಕೊಟ್ಟವರು ಸೋಶಿಯಲ್ ವರ್ಕರ್‌ಗಳೇ. 2021ರ ಜನಗಣತಿಯಲ್ಲಿ 15 ತುಂಬದ ಮಕ್ಕಳ ಪೈಕಿ ಮೂಲನಿವಾಸಿ ಮಕ್ಕಳು 7.7%, ಫಾಸ್ಟರ್ (ತಾತ್ಕಾಲಿಕ ಸಾಕು) ಮನೆಗಳಲ್ಲಿ ಇರುವವರಲ್ಲಿ 53.8%. ಆ ಶಾಲೆಗಳ ಬಗ್ಗೆ ವಿಚಾರಣೆ ಮಾಡಿದ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ ಕೊಟ್ಟ 94 ಕರೆಗಳಲ್ಲಿ ಮೊದಲನೆಯದೇ ಮಕ್ಕಳ ಕಲ್ಯಾಣ ಸೇವೆಯ ಬಗ್ಗೆ, 22ನೆಯದು ಅವರ ಉಪಚಾರ ಪದ್ಧತಿಗಳನ್ನ ಆರೋಗ್ಯ ವ್ಯವಸ್ಥೆ ಮಾನ್ಯ ಮಾಡಬೇಕು ಅನ್ನೋದು. ನಿಮ್ಮ ಕೆಲಸದ ವಿವರದ ಸಾಲು ಬಂದಿರೋದು ಈ ದಾರಿಯಲ್ಲೇ.

ಕಾನೂನಿನಲ್ಲಿ, ಮೂಲನಿವಾಸಿ ಮಕ್ಕಳು ಮತ್ತು ಕುಟುಂಬಗಳ ಬಗ್ಗೆ ಇರುವ, ಸಿ-92 ಅಂತ ಕರೆಯುವ ಫೆಡರಲ್ ಕಾಯ್ದೆಯನ್ನ ಪ್ಲೇಸ್‌ಮೆಂಟಿನ ಮೊದಲ ವಾರವೇ ಓದಿ. 2020ರ ಜನವರಿ 1ರಿಂದ ಜಾರಿಯಲ್ಲಿದೆ. ಬಡತನ, ಮನೆ ಸರಿ ಇಲ್ಲ ಅನ್ನೋ ಕಾರಣ ಮಾತ್ರಕ್ಕೆ ಮಗುವನ್ನ ತೆಗೆಯುವ ಹಾಗಿಲ್ಲ. ಮಹತ್ವದ ಹೆಜ್ಜೆ ಇಡುವ ಮುಂಚೆ ಹೆತ್ತವರಿಗೂ ಆ ಸಮುದಾಯದ ಆಡಳಿತ ಮಂಡಳಿಗೂ ತಿಳಿಸಬೇಕು. ಮಗುವನ್ನ ಇಡುವ ಕ್ರಮ: ಮೊದಲು ತಂದೆ-ತಾಯಿ, ಆಮೇಲೆ ಬಂಧುಗಳು, ಆಮೇಲೆ ಅದೇ ಸಮುದಾಯದವರು, ಆಮೇಲೆ ಬೇರೆ ಮೂಲನಿವಾಸಿ ಕುಟುಂಬ, ಕೊನೆಗೆ ಇತರರು. ಒಂಟಾರಿಯೊ ಕಾಯ್ದೆಯಲ್ಲಿ "ಕಸ್ಟಮರಿ ಕೇರ್" ಅಂತ ಇನ್ನೊಂದು ದಾರಿ ಇದೆ. ಸಮುದಾಯ ತನ್ನ ಪದ್ಧತಿಯಂತೆ ಮಗುವಿನ ಹೊಣೆ ಹೊರುತ್ತೆ. ಚಿಕ್ಕಮ್ಮ, ಅಜ್ಜಿ ಮನೆಗಳನ್ನ ಹುಡುಕೋದರಲ್ಲಿ ನೀವು ಕಳೆಯುವ ಒಂದು ದಿನ ನಾಲ್ಕು ಸ್ಮಜಿಂಗ್ ವರ್ಕ್‌ಶಾಪ್‌ಗಿಂತ ದೊಡ್ಡ ಉಪಚಾರ ಅಂತ ನನ್ನ ಅಭಿಪ್ರಾಯ.

---

ಮುಂಗಾರು77:

ಬಸರಿಕಟ್ಟೆಯವರು ಹೇಳಿದ್ದು ಸರಿ. ಹೊಗೆಸೊಪ್ಪಿನ ವಿಷಯ ನಾನು ಬಿಡಿಸಿ ಬರೀತೀನಿ, ಎಡವೋದು ಇಲ್ಲೇ.

ನಾಲ್ಕು ಮದ್ದುಗಳು ಅಂತಾರೆ: ಅಸೇಮಾ ಅಂದರೆ ಹೊಗೆಸೊಪ್ಪು, ಗೀಝಿಕ್ ಅಂದರೆ ಸೀಡರ್, ಮಶ್ಕೊದೇವಶ್ಕ್ ಅಂದರೆ ಸೇಜ್, ವೀಂಗಶ್ಕ್ ಅಂದರೆ ಸ್ವೀಟ್‌ಗ್ರಾಸ್ ಹುಲ್ಲು. ಇವುಗಳಲ್ಲಿ ಅಸೇಮಾ ಮುಂದೆ ಹೋಗುತ್ತೆ. ಏನನ್ನಾದರೂ ಕೇಳುವ ಮುಂಚೆ, ಕೀಳುವ ಮುಂಚೆ, ಅದನ್ನ ಕೊಡಬೇಕು. ಅದು ಸಂಬಳ ಅಲ್ಲ, ಉಡುಗೊರೆಯೂ ಅಲ್ಲ. ನಮ್ಮಲ್ಲಿ ಎಲೆ-ಅಡಿಕೆ ಇಟ್ಟು ಕರೆಯುವ ಹಾಗೆ ಅಂತ ಹೇಳಿದರೆ ಬೇಗ ಹೊಳೆಯುತ್ತೆ. ಆದರೆ ಈ ಹೋಲಿಕೆ ನಿಮ್ಮ ತಲೆಯಲ್ಲೇ ಇರಲಿ, ಹಿರಿಯರ ಮುಂದೆ ವಿವರಿಸೋಕೆ ಹೋಗಬೇಡಿ.

ಬಿಡಿ ಹೊಗೆಸೊಪ್ಪು ತಗೊಳ್ಳಿ, ರುಚಿ-ವಾಸನೆ ಸೇರಿಸದ್ದು. ಒಂಟಾರಿಯೊದಲ್ಲಿ ಕೊಳ್ಳೋಕೆ 19 ತುಂಬಿರಬೇಕು. ತಾವೇ ಬೆಳೆದದ್ದನ್ನ ಸಮುದಾಯದವರು ಕೊಟ್ಟರೆ ಅದು ಇನ್ನೂ ಒಳ್ಳೆಯದು. ಸುಮಾರು 10 ಸೆಂಟಿಮೀಟರ್ ಚೌಕದ ಹತ್ತಿ ಬಟ್ಟೆ ಕತ್ತರಿಸಿ, ನಡುವೆ ಒಂದು ದೊಡ್ಡ ಚಿಟಿಕೆ ಇಟ್ಟು, ನಾಲ್ಕು ಮೂಲೆ ಮೇಲೆತ್ತಿ, ದಾರದಿಂದ ಕಟ್ಟಿ. ಗೋಲಿಗಿಂತ ದೊಡ್ಡದು, ನಿಂಬೆಹಣ್ಣಿಗಿಂತ ಚಿಕ್ಕದು, ಅಷ್ಟಾಗುತ್ತೆ. ನೈಲಾನ್, ಪಾಲಿಯೆಸ್ಟರ್ ಬೇಡ. ಈ ಗಂಟು ಕೊನೆಗೆ ಬೆಂಕಿಗೋ ಮಣ್ಣಿಗೋ ಹೋಗುತ್ತೆ, ಪ್ಲಾಸ್ಟಿಕ್ ನೂಲು ಕರಗಿ ನಾರುತ್ತೆ. ಬಟ್ಟೆಯ ಬಣ್ಣ ಹಿರಿಯರಿಂದ ಹಿರಿಯರಿಗೆ ಬೇರೆ. ಅವರ ಸಹಾಯಕರಿಗೆ ಒಶ್ಕಾಬೇವಿಸ್ ಅಂತಾರೆ, ಅವರನ್ನೇ ಮೊದಲು ಕೇಳಿ. ಗಂಟು ಕಟ್ಟೋಕೆ ಬರದಿದ್ದರೆ ಅಂಗಡಿಯ ಪೊಟ್ಟಣವೇ ಆದೀತು, ಯಾರೂ ಬೈಯೋದಿಲ್ಲ.

ಕೊಡೋದು ಮುಖತಃ. ಎಡಗೈಯಲ್ಲಿ ಹಿಡಿಯಿರಿ, ಅದು ಹೃದಯದ ಕಡೆಯ ಕೈ ಅಂತ ಹಲವರು ಕಲಿಸ್ತಾರೆ. (ಎಡಗೈಲಿ ಕೊಡಬಾರದು ಅನ್ನೋ ನಮ್ಮ ಅಭ್ಯಾಸ ಇಲ್ಲಿ ಕೈ ಹಿಡಿದು ಎಳೆಯುತ್ತೆ, ಮುಂಚೆ ಒಂದೆರಡು ಸಲ ರೂಢಿ ಮಾಡಿಕೊಳ್ಳಿ.) ಹೆಸರು, ಎಲ್ಲಿಂದ ಬಂದವರು, ಯಾವ ಸಂಸ್ಥೆ ಅಂತ ಹೇಳಿ. ಆಮೇಲೆ ಏನು ಬೇಕು ಅನ್ನೋದನ್ನ ಖಚಿತವಾಗಿ ಹೇಳಿ. "ನಿಮ್ಮ ಸಂಸ್ಕೃತಿ ಕಲಿಸಿಕೊಡಿ" ಅನ್ನೋದು ಕೋರಿಕೆಯೇ ಅಲ್ಲ. "ಅಕ್ಟೋಬರ್‌ನಲ್ಲಿ ನಾಲ್ವರು ತಾಯಂದಿರ ಗುಂಪು ಶುರುವಾಗುತ್ತೆ, ಮೊದಲ ದಿನ ತೆರೆಯುವ ಪ್ರಾರ್ಥನೆ ಮಾಡಿ ಒಂದು ಗಂಟೆ ಕೂರುವಿರಾ?" ಅಂದರೆ ಅದು ಕೋರಿಕೆ. ಹೇಳಿ ಮುಗಿಸಿದ ಮೇಲೆ ಗಂಟು ಮುಂದೆ ಹಿಡಿಯಿರಿ. ತಗೊಂಡರೆ ಒಪ್ಪಿದ ಹಾಗೆ. ತಗೊಳ್ಳದಿದ್ದರೆ ಕಾರಣ ಕೇಳಬೇಡಿ, ಮೀಗ್ವೇಚ್ (ಧನ್ಯವಾದ) ಹೇಳಿ ಎದ್ದು ಬನ್ನಿ. ಮೊದಲೇ ಕೈಗೆ ತುರುಕಿ ಆಮೇಲೆ ಕೇಳೋದು ದೊಡ್ಡ ತಪ್ಪು, ಬೇಡ ಅನ್ನೋ ದಾರಿಯನ್ನೇ ಮುಚ್ಚಿದ ಹಾಗಾಗುತ್ತೆ.

ಗೌರವಧನ ಇದರಿಂದ ಪೂರ್ತಿ ಬೇರೆ, ಅದು ಕಚೇರಿ ಕೊಡೋದು. ಅಸೇಮಾ ಕೊಟ್ಟೆವಲ್ಲ ಅಂತ ಅದನ್ನ ತಪ್ಪಿಸಬಾರದು, ಅದನ್ನ ಕೊಡ್ತೀವಲ್ಲ ಅಂತ ಅಸೇಮಾ ಬಿಡಬಾರದು. ಲೆಕ್ಕ ವಿಭಾಗದಲ್ಲಿ ಚೆಕ್ ಆಗಿ ಹೊರಬರೋಕೆ ವಾರಗಟ್ಟಲೆ ಹಿಡಿಯುತ್ತೆ, ಅದಕ್ಕೇ ದಿನಾಂಕ ಗೊತ್ತಾದ ದಿನವೇ ಕಾಗದ ಹಾಕಿ. ಅದೇ ದಿನ ಲಕೋಟೆಯಲ್ಲಿ ಸಿಗುವ ಹಾಗೆ ಮಾಡಿ. ಕರೆತರೋ ಗಾಡಿ, ವಾಪಸ್ ಬಿಡೋ ಗಾಡಿ, ಬೆನ್ನು ಆನಿಸೋಕೆ ಕುರ್ಚಿ, ಜೊತೆಗೆ ಬಂದವರಿಗೂ ಊಟ. ಇಷ್ಟೂ ನಿಮ್ಮ ಪಟ್ಟಿಯಲ್ಲಿ ಇರಲಿ.

---

ರಾಯರಕೆರೆ:

ಸ್ಮಜಿಂಗ್ ಅಂದರೆ ನಮ್ಮ ಲೋಬಾನ, ಧೂಪ ಹಾಕೋದೇ ಅಲ್ವಾ? ಅಮೆಜಾನ್‌ನಲ್ಲಿ ವೈಟ್ ಸೇಜ್ ಕಟ್ಟು, ಶಂಖದ ಬಟ್ಟಲು ಎಲ್ಲ ಸೆಟ್ ಆಗಿ ಸಿಗುತ್ತೆ. ಮನೇಲಿ ಪ್ರಾಕ್ಟೀಸ್ ಮಾಡಿಕೊಂಡರೆ ಆಯ್ತು.

---

ಮುಂಗಾರು77:

ರಾಯರೇ, ಆ ಸೆಟ್ಟಿನಲ್ಲಿ ಇರೋದು ಕ್ಯಾಲಿಫೋರ್ನಿಯಾ ಕಡೆಯ ಗಿಡ, ಸುಪೀರಿಯರ್ ಸರೋವರದ ಸುತ್ತ ಬಳಸೋದು ಅದಲ್ಲ. ಇಲ್ಲಿಯ ಸೇಜ್ ಆರ್ಟೆಮೀಸಿಯಾ ಜಾತಿ, ನಮ್ಮ ಮಾಚಿಪತ್ರೆ, ದವನದ ಬಳಗ. ವೈಟ್ ಸೇಜ್ ಅನ್ನ ಮಾರೋದಕ್ಕೋಸ್ಕರ ಕಾಡಿನಿಂದ ಕದ್ದು ಕಿತ್ತು ಬೇರೆ ಜನರ ಮದ್ದಿಗೆ ಕುತ್ತು ತಂದಿದ್ದಾರೆ. ಅದನ್ನ ಹಿಡಿದು ಗುಂಪಿಗೆ ಹೋದರೆ ಏನೂ ಕಲಿತಿಲ್ಲ ಅನ್ನೋದು ದೂರದಿಂದಲೇ ಕಾಣುತ್ತೆ. ಇನ್ನು ಹೋಲಿಕೆ: ಧೂಪ ಹಾಕಿದ್ದಕ್ಕೆ ನಮ್ಮನ್ನ ಯಾರೂ ಜೈಲಿಗೆ ಕಳಿಸಿಲ್ಲ. ಕೆನಡಾದ ಇಂಡಿಯನ್ ಆಕ್ಟ್ ಅಡಿಯಲ್ಲಿ ಎಷ್ಟೋ ಆಚರಣೆಗಳು 1951ರ ತನಕ ಅಪರಾಧ. ಬಚ್ಚಿಟ್ಟು ಉಳಿಸಿಕೊಂಡದ್ದು ಇದು, ಅದಕ್ಕೇ ಕೊಡುವಾಗ ಅಷ್ಟು ಜೋಪಾನ.

ಆದರೆ ಸ್ಮಜಿಂಗ್ ನಡೆಯುವಾಗ ಜೊತೆಗಿದ್ದು ಏರ್ಪಾಟು ಮಾಡೋದು ನಿಮ್ಮ ಪಾಲಿನ ಕೆಲಸ, ಅದನ್ನ ಚೆನ್ನಾಗಿ ತಿಳಿದಿರಿ. ಒಣಗಿದ ಸೇಜ್ ಎಲೆಯನ್ನ ಅಂಗೈಯಲ್ಲಿ ಉಜ್ಜಿ ಗೋಲಿ ಗಾತ್ರದ ಉಂಡೆ ಮಾಡ್ತಾರೆ. ನಾಲ್ಕೈದು ಜನಕ್ಕೆ ಒಂದು ಉಂಡೆ ಧಾರಾಳ. ಹೆಚ್ಚು ಹಾಕಿದರೆ ಹೆಚ್ಚು ಶುದ್ಧಿ ಅಂತೇನಿಲ್ಲ, ಅಲಾರಂ ಬಡಿದುಕೊಳ್ಳುತ್ತೆ ಅಷ್ಟೆ. ಬೆಂಕಿಕಡ್ಡಿಯಿಂದ ಹೊತ್ತಿಸಿ, ಉರಿ ತಾನಾಗಿ ಇಳಿದು ಕೆಂಡವಾಗೋಕೆ ಬಿಡ್ತಾರೆ. ಬಾಯಿಂದ ಊದೋದಿಲ್ಲ, ಗರಿಯಿಂದಲೋ ಕೈಯಿಂದಲೋ ಬೀಸ್ತಾರೆ. ಬಟ್ಟಲು ನಿಮ್ಮ ಮುಂದೆ ಬಂದಾಗ ಕನ್ನಡಕ, ಉಂಗುರ ತೆಗೆಯೋ ರೂಢಿ ಹಲವು ಕಡೆ ಇದೆ. ಕೈ ತೊಳೆಯುವ ಹಾಗೆ ಹೊಗೆಯಲ್ಲಿ ಕೈ ಆಡಿಸಿ, ಬೊಗಸೆಯಲ್ಲಿ ಹಿಡಿದು ತಲೆ, ಕಣ್ಣು, ಕಿವಿ, ಬಾಯಿ, ಎದೆಗೆ ತಂದುಕೊಳ್ತಾರೆ. ಬೇಡ ಅನ್ನಿಸಿದವರು ತಲೆ ಅಲ್ಲಾಡಿಸಿದರೆ ಸಾಕು, ಬಟ್ಟಲು ಮುಂದಿನವರಿಗೆ ಹೋಗುತ್ತೆ. ಬೂದಿ ಕಸದ ಬುಟ್ಟಿಗಲ್ಲ, ಹೊರಗೆ ಮರದ ಬುಡಕ್ಕೆ, ಅದೂ ಪೂರ್ತಿ ಆರಿದ ಮೇಲೆ.

ಕೆಡೋದು ಎಲ್ಲೆಲ್ಲಿ ಅಂದರೆ: ಅಬಲೋನೆ ಚಿಪ್ಪಿನಲ್ಲಿ ಹುಟ್ಟಿನಿಂದಲೇ ತೂತುಗಳಿರುತ್ತೆ, ಕೆಂಡದ ಚೂರು ಕಾರ್ಪೆಟ್ ಮೇಲೆ ಉದುರುತ್ತೆ. ಒಳಗೆ ಒಂದು ಬೆರಳು ದಪ್ಪ ಮರಳು ಹಾಕಿ, ಇಲ್ಲವೇ ಸಣ್ಣ ಕಬ್ಬಿಣದ ಬಾಣಲೆ ಇಡಿ. ತಳ ಕಾದಿರುತ್ತೆ, ಬರಿ ಮೇಜಿನ ಮೇಲೆ ಇಡಬೇಡಿ. ಕಟ್ಟಡದ ಮೇಲ್ವಿಚಾರಕರಿಗೆ ಒಂದು ದಿನ ಮುಂಚೆ ತಿಳಿಸಿ, ಆ ಕೋಣೆಯ ಡಿಟೆಕ್ಟರ್ ಅವರೇ ನಿಲ್ಲಿಸಲಿ. ನೀವೇ ಪ್ಲಾಸ್ಟಿಕ್ ಕವರ್ ಕಟ್ಟಿ ಮುಚ್ಚಬೇಡಿ, ಬಿಚ್ಚೋದು ಮರೆತೇ ಮರೆಯುತ್ತೆ. ಆಸ್ಪತ್ರೆಯಲ್ಲಾದರೆ ಆಕ್ಸಿಜನ್ ಹಚ್ಚಿರುವ ಕೋಣೆಯಲ್ಲಿ ಬೆಂಕಿ ಸುತರಾಂ ಇಲ್ಲ. ಒಂಟಾರಿಯೊದ ಧೂಮಪಾನ ನಿಷೇಧ ಕಾಯ್ದೆ ಸಾಂಪ್ರದಾಯಿಕ ಹೊಗೆಸೊಪ್ಪಿನ ಬಳಕೆಗೆ ವಿನಾಯಿತಿ ಕೊಟ್ಟಿದೆ. ಮೂಲನಿವಾಸಿ ರೋಗಿ ಕೇಳಿದರೆ ಆಸ್ಪತ್ರೆ ಒಂದು ಒಳಜಾಗ ಒದಗಿಸಬೇಕು. ವಾರ್ಡಿನವರಿಗೆ ಎಷ್ಟೋ ಸಲ ಈ ವಿಷಯ ಗೊತ್ತಿರಲ್ಲ, ಜಗಳ ಬೇಡ, ಕಾಯ್ದೆಯ ಆ ಪುಟ ಕೈಯಲ್ಲಿರಲಿ. ಆಸ್ತಮಾ ಇರುವವರಿದ್ದರೆ ಹೊಗೆ ಬದಲು ಸೀಡರ್ ಎಲೆ ನೆನೆಸಿದ ನೀರು ಇಡಬಹುದಾ ಅಂತ ಹಿರಿಯರನ್ನೇ ಕೇಳಿ.

---

ಕಡಲಮೀನು:

ಭಾಷೆಯ ಪ್ರಶ್ನೆ ಯಾರೂ ಮುಟ್ಟಿಲ್ಲ. ಕಲೀರಿ, ಕನ್ನಡದವರಿಗೆ ಅರ್ಧ ದಾರಿ ಸುಲಭ.

ಅವರ ಭಾಷೆ ಅನಿಶಿನಾಬೇಮೊವಿನ್‌ನಲ್ಲಿ ಹ್ರಸ್ವ ಅ, ಇ, ಒ. ದೀರ್ಘ ಆ, ಈ, ಓ. "ಎ" ಮಾತ್ರ ಯಾವಾಗಲೂ ದೀರ್ಘ, ಏ. ರೋಮನ್ ಲಿಪಿಯಲ್ಲಿ ದೀರ್ಘವನ್ನ ಎರಡೆರಡು ಅಕ್ಷರವಾಗಿ ಬರೀತಾರೆ, ಇಂಗ್ಲಿಷ್ ಓದುವವರು ಅಲ್ಲೇ ಮುಗ್ಗರಿಸ್ತಾರೆ. ನೀವು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ, ಹ್ರಸ್ವ-ದೀರ್ಘ ಜಾರೋದಿಲ್ಲ. ಊರಿನಿಂದ ಊರಿಗೆ ರೂಪ ಬದಲಾಗುತ್ತೆ. ಮ್ಯಾನಿಟೂಲಿನ್ ದ್ವೀಪದ ಕಡೆ ಒತ್ತಿಲ್ಲದ ಸ್ವರ ನುಂಗ್ತಾರೆ, ಅಲ್ಲಿ ಅನಿಶಿನಾಬೇ "ನಿಶ್ನಾಬೇ" ಆಗುತ್ತೆ, ಅಸೇಮಾ "ಸೇಮಾ" ಆಗುತ್ತೆ. ಪುಸ್ತಕದಲ್ಲಿ ಹೀಗಿದೆ ಅಂತ ಅಜ್ಜನನ್ನ ತಿದ್ದೋಕೆ ಹೋಗಬೇಡಿ ಮಾರಾಯ್ರೆ.

ತಮಾಷೆ ಏನು ಗೊತ್ತಾ, "ನೀನ್" ಅಂದರೆ ನಾನು, "ಗೀನ್" ಅಂದರೆ ನೀನು. ಒಂದು ವಾರ ತಲೆ ಕೆಡುತ್ತೆ. ಕೇಳುವವರನ್ನ ಸೇರಿಸಿಕೊಂಡ "ನಾವು" ಬೇರೆ, ಗೀನವಿಂದ್. ಬಿಟ್ಟ "ನಾವು" ಬೇರೆ, ನೀನವಿಂದ್. ತುಳು ಗೊತ್ತಿದ್ದವರಿಗೆ ನಮ, ಎಂಕುಳು ಇದ್ದೇ ಇದೆಯಲ್ಲ, ಅದೇ. ಕೆಲಸದಲ್ಲಿ ಇದು ವ್ಯಾಕರಣ ಮಾತ್ರ ಅಲ್ಲ. "ನಾವು ಈ ಮಗುವಿಗೆ ಏನು ಮಾಡೋಣ" ಅನ್ನುವಾಗ ಆ ನಾವುವಿನಲ್ಲಿ ತಾಯಿ ಇದ್ದಾಳಾ ಇಲ್ಲವಾ ಅನ್ನೋದು ಅವರಿಗೆ ಮೊದಲ ಪದದಲ್ಲೇ ತಿಳಿಯುತ್ತೆ.

ಇನ್ನೊಂದು: ನಾಮಪದಗಳು ಜೀವ ಇರುವವು, ಇಲ್ಲದವು ಅಂತ ಎರಡು ಗುಂಪು. ಅಸಿನ್ ಅಂದರೆ ಕಲ್ಲು, ಅದು ಜೀವ ಇರುವ ಗುಂಪಿನಲ್ಲಿದೆ, ಅಸೇಮಾ ಕೂಡ. ಬೆವರು ಗುಡಿಸಲಿನ (ಕಾದ ಕಲ್ಲಿನ ಬಿಸಿಯಲ್ಲಿ ಕೂರುವ ಆಚರಣೆ) ಕಲ್ಲುಗಳನ್ನ "ಅಜ್ಜಂದಿರು" ಅನ್ನೋದನ್ನ ಬರೀ ಉಪಮೆ ಅಂದುಕೊಂಡು ರಿಪೋರ್ಟಿನಲ್ಲಿ ಬರೆಯೋದಕ್ಕಿಂತ ಇದನ್ನ ತಿಳಿದಿರೋದು ಒಳ್ಳೆಯದು.

ಪರಿಚಯ ಹೇಳಿಕೊಳ್ಳೋಕೆ ಎರಡು ವಾಕ್ಯ ಸಾಕು: ನಿಮ್ಮ ಹೆಸರು ಹೇಳಿ "ನಿಂದಿಝಿನಿಕಾಜ್", ಊರ ಹೆಸರು ಹೇಳಿ "ನಿಂದೋಂಜಿಬಾ". ಮೂರನೆಯದು ದೋದೇಮ್, ಅಂದರೆ ಕುಲ: ಕೊಕ್ಕರೆ, ಲೂನ್, ಕರಡಿ, ಮಾರ್ಟೆನ್, ಮೀನು ಹೀಗೆ. ಅದು ಅವರಿಗೆ ತಂದೆಯ ಕಡೆಯಿಂದ ಬರೋದು. ನಿಮಗಿಲ್ಲ, ಬಿಟ್ಟುಬಿಡಿ, ಗೋತ್ರ ಹೇಳೋಕೂ ಹೋಗಬೇಡಿ. ಮಿನೆಸೋಟ ವಿಶ್ವವಿದ್ಯಾಲಯದವರ ಒಜಿಬ್ವೇ ಪೀಪಲ್ಸ್ ಡಿಕ್ಷನರಿ ಆನ್‌ಲೈನ್‌ನಲ್ಲಿ ಪುಕ್ಕಟೆ, ಹಿರಿಯರ ದನಿಯಲ್ಲೇ ಪದ ಕೇಳಬಹುದು. ದಿನಕ್ಕೆ ಐದು ಪದ ಬರೆದುಕೊಳ್ಳಿ.

ಕಥೆಗಳ ಬಗ್ಗೆ ಎಚ್ಚರ: ಅವರ ಪುರಾಣಪುರುಷ ನಾನಬೂಝೋನ ಪವಿತ್ರ ಕಥೆಗಳನ್ನ ನೆಲದ ಮೇಲೆ ಹಿಮ ಇದ್ದಾಗ ಮಾತ್ರ ಹೇಳ್ತಾರೆ. ಜುಲೈನಲ್ಲಿ ಮಕ್ಕಳ ಗುಂಪಿಗೆ "ಒಂದು ಕಥೆ ಹೇಳಿ" ಅಂತ ಅಜ್ಜಿಯನ್ನ ಕೇಳಿದರೆ ನೀವೇ ಪೇಚಿಗೆ ಬೀಳ್ತೀರಿ.

---

ತುಂಗಾತೀರ:

ತುಂಬಾ ಥ್ಯಾಂಕ್ಸ್. ಇನ್ನೆರಡು. ಬೆವರು ಗುಡಿಸಲಿಗೆ ಕ್ಲೈಂಟ್ ಹೋಗಬೇಕು ಅಂದರೆ ನಾನೇನು ನೋಡಿಕೊಳ್ಳಬೇಕು? ಮುಟ್ಟಿನ ಸಮಯದಲ್ಲಿ ಹೆಂಗಸರು ದೂರ ಇರಬೇಕು ಅಂತ ಓದಿದೆ, ಸ್ವಲ್ಪ ಕಸಿವಿಸಿ ಆಯ್ತು. ಮತ್ತೆ ನಾನು ಸಸ್ಯಾಹಾರಿ, ಹಬ್ಬದೂಟದಲ್ಲಿ ಏನು ಮಾಡೋದು?

---

ಸಂಪಿಗೆಮರ:

ಕಸಿವಿಸಿ ಆಗೋದು ಸಹಜ ಕಣಮ್ಮ, ನಮ್ಮ ತಲೆಯಲ್ಲಿ ಅದಕ್ಕೆ ಮೈಲಿಗೆ ಅಂತ ಅಂಟಿಕೊಂಡಿದೆ. ಇಲ್ಲಿನ ಬೋಧನೆ ಹಾಗಲ್ಲ. "ಮೂನ್ ಟೈಮ್" ಅಂತಾರೆ. ಆಗ ಹೆಂಗಸು ತಾನೇ ಒಂದು ಆಚರಣೆಯೊಳಗೆ ಇದ್ದಾಳೆ, ಅವಳ ಶಕ್ತಿ ದೊಡ್ಡದು, ಇನ್ನೊಂದರ ಜೊತೆ ಬೆರೆಸಬಾರದು ಅಂತ. ಆ ದಿನಗಳಲ್ಲಿ ಲಾಡ್ಜ್ ಒಳಗೆ ಹೋಗೋದು, ಮದ್ದು, ಪೈಪ್, ಡ್ರಮ್ ಮುಟ್ಟೋದು ಮಾಡೋದಿಲ್ಲ. ಕೆಲವು ಕಡೆ ಬೇರೆ ಕೂರೋಕೆ ಜಾಗ, ಸೀಡರ್ ಕಷಾಯ ಕೊಟ್ಟು ನೋಡಿಕೊಳ್ತಾರೆ. ಇದನ್ನ ಒಪ್ಪದ ಕಿರಿಯ ಅನಿಶಿನಾಬೇ ಹೆಂಗಸರೂ ಇದ್ದಾರೆ, ಉದ್ದ ಲಂಗದ ನಿಯಮದ ಬಗ್ಗೆಯೂ ಅವರಲ್ಲೇ ಚರ್ಚೆ ಇದೆ. ಅದು ಅವರ ಮನೆಯ ಮಾತು, ನಾವು ಎರಡೂ ಕಡೆ ತೀರ್ಪು ಹೇಳೋದು ಬೇಡ. ನಿಮ್ಮ ಕೆಲಸ ಇಷ್ಟೇ: ಹೋಗುವ ಮುಂಚೆ ಕ್ಲೈಂಟ್‌ಗೆ ನಿಯಮ ಏನಿದೆ ಅಂತ ಗುಟ್ಟಾಗಿ ತಿಳಿಸೋದು, ಅಲ್ಲಿ ಹೋಗಿ ಎಲ್ಲರೆದುರು ವಾಪಸ್ ಬರುವ ಹಾಗೆ ಮಾಡದೇ ಇರೋದು. ಕಾರಿನಲ್ಲಿ ಒಂದೆರಡು ಉದ್ದ ಲಂಗ ಇಟ್ಟಿರಿ.

ಮದೋದಿಸ್ವನ್, ಬೆವರು ಗುಡಿಸಲು, ಇದರ ಬಗ್ಗೆ ಹುಷಾರಾಗಿ ಕೇಳಿ. ಬಾಗಿಸಿದ ಎಳೆಮರದ ಕಡ್ಡಿಗಳ ಗುಮ್ಮಟ, ಮೇಲೆ ಹೊದಿಕೆ, ಒಳಗೆ ಕತ್ತಲೆ, ಹೊರಗಿನ ಬೆಂಕಿಯಲ್ಲಿ ಕಾದ ಕಲ್ಲುಗಳು, ಅದರ ಮೇಲೆ ನೀರು. ಸಾಮಾನ್ಯವಾಗಿ ನಾಲ್ಕು ಸುತ್ತು, ಸುತ್ತಿನ ನಡುವೆ ಬಾಗಿಲು ತೆರೀತಾರೆ. ಬಿಸಿ ನಿಜವಾದ ಬಿಸಿ. ಬಸುರಿ, ಹೃದಯದ ತೊಂದರೆ ಇರುವವರು, ಮೂರ್ಛೆ ರೋಗ, ಇನ್ಸುಲಿನ್, ಬಿಪಿಗೆ ನೀರಿಳಿಸುವ ಮಾತ್ರೆ ತಗೊಳ್ಳೋರು ಮುಂಚೆಯೇ ಡಾಕ್ಟರ್ ಹತ್ತಿರವೂ ಲಾಡ್ಜ್ ನಡೆಸುವವರ ಹತ್ತಿರವೂ ಮಾತಾಡಬೇಕು. ಮೈಮೇಲೆ ಫೆಂಟನಿಲ್ ಪ್ಯಾಚ್ ಇದ್ದರೆ ಬಿಸಿಗೆ ಔಷಧ ಒಮ್ಮೆಲೇ ಮೈಗೆ ಇಳಿಯುತ್ತೆ, ಪ್ರಾಣಕ್ಕೆ ಅಪಾಯ. ಪ್ಯಾಚ್ ಅಂತ ಯಾರೂ ತಾವಾಗಿ ಹೇಳೋದಿಲ್ಲ, ನೀವೇ ಕೇಳಿ. ಕಾಂಟ್ಯಾಕ್ಟ್ ಲೆನ್ಸ್, ಸರ, ಓಲೆ ಹೊರಗೇ ಬಿಡಲಿ, ಲೋಹ ಕಾದು ಸುಡುತ್ತೆ. ಹಿಂದಿನ ದಿನದಿಂದಲೇ ಚೆನ್ನಾಗಿ ನೀರು ಕುಡೀಲಿ.

ತುಂಬಾ ಲಾಡ್ಜ್‌ಗಳಲ್ಲಿ ನಾಲ್ಕು ದಿನ ಮದ್ಯ, ಡ್ರಗ್ಸ್ ಇಲ್ಲದೆ ಬರಬೇಕು ಅಂತಾರೆ. ಇಲ್ಲೇ ದೊಡ್ಡ ಅನಾಹುತ ಕಾದಿರೋದು: ಅಫೀಮು ಬಗೆಯ ಡ್ರಗ್ಸ್ ಚಟಕ್ಕೆ ಡಾಕ್ಟರ್ ಕೊಡುವ ಮೆಥಡೋನ್, ಸಬಾಕ್ಸೋನ್ ಮೇಲಿರುವ ಹುಡುಗ ಅದನ್ನೂ ಡ್ರಗ್ಸ್ ಅಂದುಕೊಂಡು ನಾಲ್ಕು ದಿನದ ಡೋಸ್ ಬಿಡ್ತಾನೆ. ವಿತ್‌ಡ್ರಾವಲ್ ಶುರುವಾಗುತ್ತೆ, ಮತ್ತೆ ಬೀದಿಯ ಮಾಲಿಗೆ ಕೈ ಹಾಕಿದರೆ ಮೈಗೆ ತಡೆಯೋ ಶಕ್ತಿ ಇಳಿದಿರುತ್ತೆ. ಲಾಡ್ಜ್ ನಡೆಸುವವರಿಗೆ ಇದು ಚಿಕಿತ್ಸೆಯ ಔಷಧ ಅಂತ, ಕ್ಲೈಂಟ್ ಒಪ್ಪಿಗೆ ಪಡೆದು, ಮುಂಚೆ ಹೇಳಿ. ಒಪ್ಪಿಕೊಳ್ಳುವ ಲಾಡ್ಜ್ ಸಿಗುತ್ತೆ. ಒಪ್ಪದಿದ್ದರೆ ಹೊರಗೆ ಬೆಂಕಿ ನೋಡಿಕೊಳ್ಳುವ ಕೆಲಸದಲ್ಲಿ ಸೇರಿಸಿಕೊಳ್ತೀರಾ ಅಂತ ಕೇಳಿ, ಅದೂ ಗೌರವದ ಜಾಗವೇ. ಡೋಸ್ ಮಾತ್ರ ಬಿಡಿಸಬೇಡಿ.

ಊಟ: ತಟ್ಟೆ, ಲೋಟ, ಚಮಚ ನೀವೇ ಬಟ್ಟೆಯಲ್ಲಿ ಕಟ್ಟಿ ತಗೊಂಡು ಹೋಗಿ, ಅದಕ್ಕೆ ಫೀಸ್ಟ್ ಬಂಡಲ್ ಅಂತಾರೆ. ಮೊದಲು ಎಲ್ಲದರಲ್ಲೂ ಚೂರುಚೂರು ತೆಗೆದು ಸ್ಪಿರಿಟ್ ಪ್ಲೇಟ್ (ಆತ್ಮಗಳ ಪಾಲಿನ ತಟ್ಟೆ) ಮಾಡ್ತಾರೆ, ಆಮೇಲೆ ಹಿರಿಯರಿಗೆ, ಆಮೇಲೆ ನಿಮಗೆ. ಕಿರಿಯರೇ ಹಿರಿಯರಿಗೆ ತಟ್ಟೆ ತಂದುಕೊಡೋದು, ನೀವೂ ಎದ್ದು ಕೈ ಹಾಕಿ. ಮೂಸ್ ಮಾಂಸ, ವೈಟ್‌ಫಿಶ್ ಇರುತ್ತೆ. ನಿಮಗೆ ಮನೋಮಿನ್ ಇದೆ, ನೀರಲ್ಲಿ ಬೆಳೆಯುವ ಕಾಡಕ್ಕಿ. ಕೆಲವು ಸಲ ಮಾಂಸದ ಸಾರಲ್ಲಿ ಬೇಯಿಸಿರ್ತಾರೆ, ಬಡಿಸುವವರನ್ನ ಮೆಲ್ಲಗೆ ಕೇಳಿ. ಬ್ಯಾನಕ್ ರೊಟ್ಟಿಗೆ ಹಂದಿ ಕೊಬ್ಬು ಹಾಕಿರಬಹುದು. ಸ್ಟ್ರಾಬೆರಿ ಇದ್ದೇ ಇರುತ್ತೆ, ಒದೇಇಮಿನ್, ಹೃದಯದ ಹಣ್ಣು ಅಂತ ಅದರ ಹೆಸರು. ತಿನ್ನದೇ ಇರೋದನ್ನ ಹಾಕಿಸಿಕೊಳ್ಳಬೇಡಿ, ಯಾಕೆ ತಿನ್ನಲ್ಲ ಅಂತ ಭಾಷಣವೂ ಬೇಡ. ಬೇಟೆಯ ಮಾಂಸ ಅವರಿಗೆ ಯಾರೋ ಜೀವ ಕೊಟ್ಟ ಕಾಣಿಕೆ.

---

ಬಸರಿಕಟ್ಟೆ:

ಕೇಸ್ ನೋಟ್ ಪ್ರಶ್ನೆ ಉಳಿದಿತ್ತು.

ಬರೆಯಬೇಕಾದ್ದು: ದಿನಾಂಕ, ಕ್ಲೈಂಟ್ ತಾವಾಗಿ ಕೇಳಿದರು, ಯಾವ ಸಂಸ್ಥೆಯ ಮೂಲಕ ಏರ್ಪಾಟಾಯಿತು, ಹೋಗಿ ಬಂದರು, ಮುಂದಿನ ಹೆಜ್ಜೆ. ಅಷ್ಟೆ. "12ನೇ ತಾರೀಕು ಕ್ಲೈಂಟ್ ತಮ್ಮ ಕೋರಿಕೆಯಂತೆ ಸಮುದಾಯದ ಹಿರಿಯರೊಂದಿಗೆ ಆಚರಣೆಯಲ್ಲಿ ಭಾಗವಹಿಸಿದರು. ಮರುದಿನ ಫೋನಿನಲ್ಲಿ ನೆಮ್ಮದಿಯಾಗಿದೆ ಎಂದರು. ಮುಂದಿನ ಭೇಟಿ 19ಕ್ಕೆ." ಬರೆಯಬಾರದ್ದು: ಆಚರಣೆಯಲ್ಲಿ ಕೊಟ್ಟ ಆತ್ಮನಾಮ, ಬಣ್ಣಗಳು, ಕನಸು, ಹಾಡು, ಸುತ್ತ ಕೂತು ಮಾತಾಡುವ ವೃತ್ತದಲ್ಲಿ ಯಾರು ಏನು ಹೇಳಿದರು. ಕೇಸ್ ಫೈಲ್ ಕೋರ್ಟಿಗೆ ಹೋಗುತ್ತೆ. ಎದುರು ವಕೀಲರು "ಕನಸಿನಲ್ಲಿ ಕರಡಿ ಬಂದಿತ್ತು" ಅನ್ನೋ ಸಾಲನ್ನ ತಾಯಿಯ ಮಾನಸಿಕ ಸ್ಥಿತಿಯ ಪುರಾವೆ ಮಾಡಿಬಿಡಬಹುದು. ಮಾಹಿತಿ ಸಮುದಾಯದ್ದು, ಅದರ ಒಡೆತನ, ನಿಯಂತ್ರಣ, ಪ್ರವೇಶ, ಸ್ವಾಧೀನ ಅವರದ್ದು ಅನ್ನುವ ಓಕ್ಯಾಪ್ ತತ್ವ 1998ರಿಂದ ಇದೆ, ಸಂಶೋಧನೆಗೆ ಅಂತ ಹುಟ್ಟಿದ್ದಾದರೂ ನೋಟ್ ಬರೆಯುವಾಗಲೂ ನೆನಪಿರಲಿ.

ಮಗುವಿನ ಸುರಕ್ಷತೆಗೆ ಧಕ್ಕೆ ಅನ್ನಿಸಿದರೆ ವರದಿ ಮಾಡುವ ಹೊಣೆ ಮಾತ್ರ ವೃತ್ತದೊಳಗೂ ಇರುತ್ತೆ. ಇದನ್ನ ಮಾತಿನ ಸರದಿ ತೋರಿಸುವ ಗರಿ ಕೈಯಿಂದ ಕೈಗೆ ಹೋಗೋಕೆ ಶುರುವಾಗುವ ಮುಂಚೆ ಹೇಳಿ. ಅರ್ಧದಲ್ಲಿ ಒಬ್ಬಳು ಬಾಯಿ ಬಿಟ್ಟ ಮೇಲೆ ಹೇಳಿದರೆ ಮೋಸ ಮಾಡಿದ ಹಾಗೆ. ಹಿರಿಯರಿಗೂ ಮೊದಲೇ ತಿಳಿಸಿ, ಅವರು ಬೇಕಾದರೆ ನೀವು ಹೊರಗಿರಿ ಅಂದಾರು.

ಅಂದ ಹಾಗೆ ಸಪ್ತ ಪಿತಾಮಹ ಬೋಧನೆಗಳ ಪೋಸ್ಟರ್, ನಾಲ್ಕು ಬಣ್ಣದ ಮೆಡಿಸಿನ್ ವೀಲ್ (ನಾಲ್ಕು ದಿಕ್ಕುಗಳ ಚಕ್ರ) ನಿಮ್ಮ ಕಚೇರಿ ಗೋಡೆಯ ಮೇಲೆ ಖಂಡಿತ ಇರುತ್ತೆ. ಓದಿಕೊಳ್ಳಿ, ಆದರೆ ಚಕ್ರವನ್ನ ಅಸೆಸ್‌ಮೆಂಟ್ ಫಾರಂ ಮಾಡಿ ಕ್ಲೈಂಟ್‌ನ ನಾಲ್ಕು ಭಾಗ ಮಾಡಬೇಡಿ. ಯಾವ ದಿಕ್ಕಿಗೆ ಯಾವ ಬಣ್ಣ, ಯಾವ ಮದ್ದು ಅನ್ನೋದು ಸಮುದಾಯದಿಂದ ಸಮುದಾಯಕ್ಕೆ ಬೇರೆ, ಪೋಸ್ಟರ್ ಅಚ್ಚು ಹಾಕಿದವರದ್ದು ಒಂದು ಪಾಠ ಮಾತ್ರ.

ಕಲಿಯೋ ಜಾಗ ಕೇಳಿದ್ದಿರಿ. ಥಂಡರ್ ಬೇನಲ್ಲ​ಿ ಇಂಡಿಜಿನಸ್ ಫ್ರೆಂಡ್‌ಶಿಪ್ ಸೆಂಟರ್, ಅನಿಶ್ನಾಬೇ ಮುಶ್ಕಿಕಿ ಆರೋಗ್ಯ ಕೇಂದ್ರ ಇವೆರಡರ ಸಾರ್ವಜನಿಕ ಕಾರ್ಯಕ್ರಮಗಳನ್ನ ಗಮನಿಸುತ್ತಿರಿ. ಓದಿನ ದಾರಿಯಲ್ಲೇ ಮುಂದುವರಿಯೋದಾದರೆ ಸಡ್ಬರಿಯ ಲಾರೆನ್ಷಿಯನ್‌ನಲ್ಲಿ ಇಂಡಿಜಿನಸ್ ಸೋಶಿಯಲ್ ವರ್ಕ್ ಪದವಿ, ಕಿಚನರ್‌ನ ವಿಲ್ಫ್ರಿಡ್ ಲಾರಿಯೆಯಲ್ಲಿ ಅದೇ ವಿಷಯದ ಎಂಎಸ್‌ಡಬ್ಲ್ಯೂ ಇದೆ. ಪೌವೌಗೆ, ಅಂದರೆ ಡ್ರಮ್, ನೃತ್ಯದ ಸಮುದಾಯ ಕೂಟಕ್ಕೆ, ಹೋಗಿ, ಜುಲೈ ಒಂದರ ಆಸುಪಾಸು ಅನೆಮ್ಕಿ ವಾಜಿವ್ ಬೆಟ್ಟದ ಮೇಲೆ ಫೋರ್ಟ್ ವಿಲಿಯಂನವರದ್ದು ನಡೆಯುತ್ತೆ, ಎಲ್ಲರಿಗೂ ತೆರೆದದ್ದು. ಗ್ರ್ಯಾಂಡ್ ಎಂಟ್ರಿ (ನರ್ತಕರು ಮೆರವಣಿಗೆಯಲ್ಲಿ ಒಳಬರೋದು) ಆಗುವಾಗ ಎದ್ದು ನಿಲ್ಲಿ, ಟೋಪಿ ತೆಗೀರಿ, ನಿರೂಪಕರು ಬೇಡ ಅಂದಾಗ ಮೊಬೈಲ್ ಕೆಳಗಿಡಿ. ಹದ್ದಿನ ಗರಿ ನೆಲಕ್ಕೆ ಬಿದ್ದದ್ದು ಕಂಡರೆ ಎತ್ತಿಕೊಡೋಕೆ ಓಡಬೇಡಿ, ಅದನ್ನ ಎತ್ತುವವರು ಬೇರೆಯೇ ಇದ್ದಾರೆ; ಹತ್ತಿರ ನಿಂತು ಅಖಾಡದ ಮೇಲ್ವಿಚಾರಕರಿಗೆ ಕೈ ಮಾಡಿ ತೋರಿಸಿ.

---

ತುಂಗಾತೀರ:

ಹತ್ತಿ ಬಟ್ಟೆ ಕತ್ತರಿಸಿಟ್ಟುಕೊಂಡೆ. ಫ್ರೆಂಡ್‌ಶಿಪ್ ಸೆಂಟರ್‌ಗೆ ಫೋನ್ ಮಾಡಿ ಮೊದಲು ಒಶ್ಕಾಬೇವಿಸ್ ಯಾರು ಅಂತ ಕೇಳ್ತೀನಿ. ಎಡಗೈ ಅಭ್ಯಾಸ ನಡೀತಿದೆ. ಮೀಗ್ವೇಚ್.